ಮುರುಗೇಶಪ್ಪನವರ ಸೈಕಲ್ಲಿನ ಟ್ರಯಲ್ಲು

ಚೈನಿನ ಸಂದಿಯಲ್ಲಿ ಕೂತ ಕೆಮ್ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ಬಟ್ಟೆಯಿಂದ ಒರೆಸಿ, ಪೆಡಲನ್ನು ಚೂರು ಹಿಂದಕ್ಕೆ ತಿರುಗಿಸಿ, ಮುಂದಿನ ಸಂದಿಗೆ ಬ್ರಷ್ಷು ಹಾಕಿದೆ. ಈ ಕೆಲಸ ಅವಸರಕ್ಕೆ ಬಗ್ಗುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಒಂದೊಂದನ್ನೂ ಕಣ್ಣಿಟ್ಟು ನೋಡಬೇಕು. ನನ್ನ ಯಜಮಾನರು ಅಲ್ಲಾಬಕ್ಷ್, ನಮ್ಮ ಸೈಕಲ್ ರಿಪೇರಿ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತು, ಚಹಾ ಆರಿಸಿಕೊಳ್ಳುತ್ತ ನನ್ನ ಕೈಯನ್ನೇ ನೋಡುತ್ತಿದ್ದರು.

"ಆಯ್ತಾ?"

"ಆಗ್ತೈತೆ."

"ಬೇಗ ಮುಗಿಸು. ಟ್ರಯಲ್ ನೋಡಬೇಕು."

"ನಿನ್ನೆ ನೋಡಿದ್ರಲ್ಲ."

"ನಿನ್ನೆ ಚೈನಿನಾಗೆ ಮಣ್ಣಿತ್ತು. ಮಣ್ಣಿಲ್ಲದ ಚೈನು ಹೆಂಗೆ ಓಡ್ತೈತೆ ಅಂತ ನೋಡಬೇಕೋ ಬ್ಯಾಡೋ?"

ನಿನ್ನೆಯ ಮಣ್ಣು ನಿನ್ನೆಯ ಟ್ರಯಲ್ಲಿನದೇ ಎಂದು ನಾನು ಹೇಳಲಿಲ್ಲ. ಗೋಡೆಯ ಮೇಲಿನ ಗಡಿಯಾರದ ಹಿಂದೆ ಸಿಕ್ಕಿಸಿಟ್ಟ ಪೋಸ್ಟ್‌ಕಾರ್ಡಿನ ತುದಿಯ ಕಡೆ ಒಮ್ಮೆ ನೋಡಿದೆ. ಅವರೂ ನೋಡಿದರು. ನೋಡಿ, ಚಹಾದ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿದರು.

ಸೈಕಲ್ಲು ನಮ್ಮದಲ್ಲ. ಹೊನ್ನಾಳಿಯ ಮುರುಗೇಶಪ್ಪನವರದು. ಸರ್ವೆ ಇಲಾಖೆಯಲ್ಲಿದ್ದು ರಿಟೈರ್ ಆದವರು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಬಿಳಿಚೋಡಿನ ಹೊರಗೆ ರಸ್ತೆ ಪಕ್ಕದಲ್ಲಿರುವ ನಮ್ಮ ಅಂಗಡಿಗೆ ಅದನ್ನು ತಳ್ಳಿಕೊಂಡು ಬಂದರು. ಕಪ್ಪು ಬಣ್ಣ, ಟ್ರ್ಯಾಕ್ಟರಿನ ಮರಿಯಂಥ ದಪ್ಪ ಟೈರು, ಮುಂದಿನ ಗಾಲಿಗೆ ಶಾಕ್, ಹೊಟ್ಟೆಯಲ್ಲಿ ಬೀಗ ಹಾಕಿದ ಬ್ಯಾಟರಿ, ಹ್ಯಾಂಡಲ್ಲಿನ ಮೇಲೆ ಬೆಳಗುವ ಸಣ್ಣ ಪರದೆ.

"ಇದು ಬೆಟ್ಟ ಹತ್ತೋ ಸೈಕಲ್ಲು ಕಣ್ರೀ," ಎಂದರು ಮುರುಗೇಶಪ್ಪನವರು, ಬೆವರು ಒರೆಸಿಕೊಳ್ಳುತ್ತ. "ನಾವು ತುಳಿದ್ರೆ ಮೋಟರ್ರೂ ತುಳಿತೈತೆ. ಬೆಳಿಗ್ಗೆಯಿಂದ ನಾನು ತುಳಿತಿದೀನಿ, ಅದು ಸುಮ್ನೆ ಕೂತೈತೆ. ಇಪ್ಪತ್ತೈದು ಕೇಜಿ ತೂಕ. ನೋಡ್ತೀರಾ?"

ನನ್ನ ಯಜಮಾನರು ಇಂಥದ್ದನ್ನು ಮುಟ್ಟಿದವರಲ್ಲ. ಆದರೆ ಸೈಕಲ್ಲು ಎಂಬ ಹೆಸರಿನ ಯಾವುದನ್ನೂ ಆಗುವುದಿಲ್ಲ ಎಂದು ವಾಪಸು ಕಳಿಸಿದವರೂ ಅಲ್ಲ. "ಬಿಟ್ಟು ಹೋಗ್ರಿ," ಎಂದರು. "ರಿಪೇರಿ ಆದ ಕೂಡ್ಲೆ ಫೋನ್ ಮಾಡ್ತೀನಿ."

"ಫೋನಿಲ್ಲ. ಬಿಟ್ಟೀನಿ, ಬೀಡಿ ಬಿಟ್ಟಂಗೆ. ನೌಕರೀಲಿದ್ದಾಗ ನಡುರಾತ್ರೀಲೂ ಫೋನ್ ಮಾಡಿ, ನಮ್ಮ ಗಡಿಕಲ್ಲು ಎಲ್ಲೈತೆ ಸಾರ್ ಅಂತ ಕೇಳೋರು. ರಿಟೈರ್ ಆದ ದಿನ ಹೊಳೆಗೆ ಎಸೆದೆ." ಚೀಲದಿಂದ ಒಂದು ಪೋಸ್ಟ್‌ಕಾರ್ಡು ತೆಗೆದು, ತಮ್ಮ ವಿಳಾಸವನ್ನು ತಾವೇ ಬರೆದು ಕೊಟ್ಟರು. "ಎರಡು ಸಾಲು ಗೀಚಿ ಡಬ್ಬಿಗೆ ಹಾಕ್ರಿ. ಬಸ್ ಹತ್ತಿ ಬರ್ತೀನಿ. ಬರೆಯೋರು ಯಾರಿದಾರೆ ಮನೇಲಿ?"

"ನಮ್ಮಾಕೆ ಅಖ್ತರ್‌ಬೀ," ಎಂದು ಯಜಮಾನರು ನನ್ನ ಕಡೆ ಕೈ ತೋರಿಸಿದರು. "ರಾತ್ರಿ ಶಾಲೇಲಿ ಕಲ್ತಾಳೆ. ಅಕ್ಷರ ಮುತ್ತು ಜೋಡಿಸಿದಂಗೆ ಬರೀತಾಳೆ."

ರಾತ್ರಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಈ ಮಾತು ಬಂದಿರಲಿಲ್ಲ. ಈಗಲಾದರೂ ಬಂತಲ್ಲ ಎಂದು ಕಾರ್ಡನ್ನು ಜೋಪಾನವಾಗಿ ಗಡಿಯಾರದ ಹಿಂದೆ ಇಟ್ಟೆ.

ಆಮೇಲೆ ಯಜಮಾನರು ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿದರು, ಬಿಚ್ಚಬಾರದ ಕಡೆ ಬಿಸ್ಮಿಲ್ಲಾ ಹೇಳಿ ಸುಮ್ಮನಾದರು. ಮೋಟರು ಜಪ್ಪಯ್ಯ ಅನ್ನಲಿಲ್ಲ. ಮೂರನೆಯ ದಿನ, ಹೇಗೂ ಗಿರಾಕಿಗೆ ಹಾಗೆಯೇ ವಾಪಸು ಕೊಡುವುದು, ಸ್ವಚ್ಛವಾಗಿಯಾದರೂ ಕೊಡೋಣ ಎಂದು ನಾನು ಗಾಲಿಗಳನ್ನು ಉಜ್ಜಲು ಕೂತೆ. ಹಿಂದಿನ ಗಾಲಿಯ ಒಂದು ಕಡ್ಡಿಗೆ ಗುಂಡಿಯಂಥದ್ದೊಂದು ಅಂಟಿಕೊಂಡಿತ್ತು, ಓರೆಯಾಗಿ. ಬ್ರಷ್ಷು ತಗುಲಿ ಅದು ನೆಟ್ಟಗಾಯಿತು. ಯಜಮಾನರು ಸುಮ್ಮನೆ ಹತ್ತಿ ತುಳಿದರೆ ಸೈಕಲ್ಲು ಕಟ್ಟು ಬಿಚ್ಚಿದ ಕರುವಿನ ಹಾಗೆ ಹೊರಟೇಬಿಟ್ಟಿತು. ಅದು ಅಯಸ್ಕಾಂತವಂತೆ, ಗಾಲಿ ತಿರುಗುತ್ತಿದೆ ಎಂದು ಮೋಟರಿಗೆ ಸುದ್ದಿ ಮುಟ್ಟಿಸುವುದು ಅದೇ ಅಂತೆ. ಇದು ನಮಗೆ ಆಮೇಲೆ ತಿಳಿಯಿತು. ಯಜಮಾನರು ಮಾತ್ರ ಆಗಲೇ ತಿಳಿದಿತ್ತೆಂಬಂತೆ ತಲೆಯಾಡಿಸಿದರು.

ಕಾರ್ಡು ಅವತ್ತೇ ಹೋಗಬೇಕಿತ್ತು.

ನಮ್ಮ ಅಂಗಡಿಯಲ್ಲಿ ಒಂದು ತಗಡಿನ ಬೋರ್ಡಿದೆ: "ಗಿರಾಕಿಯ ಸೈಕಲ್ ಸವಾರಿಗೆ ಅಲ್ಲ." ಅದಕ್ಕೊಂದು ಕಥೆಯಿದೆ. ಯಜಮಾನರು ಪ್ರಾಯದಲ್ಲಿ ಜಗಳೂರಿನ ಕಲೀಮುಲ್ಲಾನ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಕಲೀಮುಲ್ಲಾ ರಿಪೇರಿಗೆ ಬಂದ ಸೈಕಲ್ಲುಗಳನ್ನು ಬಾಡಿಗೆಗೆ ಬಿಡುತ್ತಿದ್ದ. ಒಬ್ಬ ಗಿರಾಕಿ ತನ್ನದೇ ಸೈಕಲ್ಲನ್ನು ತಾನೇ ಬಾಡಿಗೆಗೆ ತೆಗೆದುಕೊಂಡು ಹೋದದ್ದೂ ಉಂಟು. ಅವತ್ತು ಯಜಮಾನರು ಕೈಯಲ್ಲಿದ್ದ ಪಾನಾ ಕೆಳಗಿಟ್ಟು, ಕೆಲಸ ಬಿಟ್ಟು ಹೊರಬಂದರು. ಇಲ್ಲಿ ಅಂಗಡಿ ಹಾಕಿದಾಗ ಮೊದಲು ಬರೆಸಿದ್ದು ಆ ಬೋರ್ಡು, ಅಂಗಡಿಯ ಹೆಸರನ್ನು ಆಮೇಲೆ ಬರೆಸಿದರು. ಅವರ ಆಸ್ತಿ ಅಂದರೆ ಆ ತಗಡೇ.

ಬೋರ್ಡಿಗೆ ಒಂದೇ ರಿಯಾಯಿತಿ, ಟ್ರಯಲ್ಲು. ರಿಪೇರಿ ಆದ ಮೇಲೆ ರಸ್ತೆಯಾಚೆಯ ಬೇವಿನ ಮರದವರೆಗೆ ಹೋಗಿ ತಿರುಗಿ ಬರುವುದು. ನಾನು ಈ ಮನೆಗೆ ಬಂದಾಗಿನಿಂದ ಟ್ರಯಲ್ಲು ಬೇವಿನ ಮರ ದಾಟಿದ್ದನ್ನು ಕಂಡಿರಲಿಲ್ಲ.

ಈ ಸೈಕಲ್ಲು ದಾಟಿತು. ಅದಕ್ಕೆ ಕಾರಣ ಯಜಮಾನರ ಮಂಡಿ. ಮಂಡಿ ಹಿಡಿದುಕೊಂಡ ಮೇಲೆ ಅವರ ಲೋಕ ಅಂಗಡಿಯ ಕಲ್ಲಿನಿಂದ ಒಳಗಿನ ಮಂಚದವರೆಗೆ ಬಂದು ನಿಂತಿತ್ತು. ಶುಕ್ರವಾರದ ನಮಾಜಿಗೂ ಮಸೀದಿಗೆ ಹೋಗಲಾರದೆ ಮನೆಯಲ್ಲಿ ಕುರ್ಚಿಯ ಮೇಲೆ ಕೂತೇ ಓದುತ್ತಿದ್ದರು. ಮೊದಲ ದಿನ ಬೇವಿನ ಮರದಿಂದ ತಿರುಗಿ ಬಂದವರು ಕೆಳಗಿಳಿಯದೆ, ಒಂದು ಕಾಲು ನೆಲಕ್ಕೂರಿ ನಿಂತು, "ಅಖ್ತರ್, ಮಂಡಿ ನೋಯಲಿಲ್ಲ," ಎಂದರು. ಹಾಗೆ ಹೇಳುವಾಗ ಅವರ ಮುಖ ನಿಕಾಹ್ ದಿನದ ಫೋಟೋದಲ್ಲಿದ್ದ ಹಾಗಿತ್ತು.

ಆಮೇಲೆ ಶುರುವಾಯಿತು. ನಾನು ಕಾರ್ಡು ಕೆಳಗಿಳಿಸಿ ಪೆನ್ನಿನ ಕ್ಯಾಪು ತೆಗೆದಾಗಲೆಲ್ಲ ಒಂದೊಂದು ನೋಡುವುದು ಬಾಕಿ ಇರುತ್ತಿತ್ತು.

"ಬೆಟ್ಟದ ಸೈಕಲ್ಲು. ಏರು ಹತ್ತಿಸಿ ನೋಡದೆ ಕೊಟ್ರೆ ಹೆಂಗೆ?" ಎಂದು ಕೆರೆ ಏರಿಗೆ ಹೋದರು. ಮರಳಿನಲ್ಲಿ ನೋಡಬೇಕೆಂದು ಹಳ್ಳಕ್ಕೆ ಇಳಿಸಿದರು. ಶುಕ್ರವಾರ ಟೋಪಿ ಹಾಕಿಕೊಂಡು, ಅತ್ತರು ಹಚ್ಚಿಕೊಂಡು ಹೊರಟರು. "ಜುಮ್ಮಾ ದಿನ ಮಸೀದಿ ಮುಂದೆ ಜನ ಇರ್ತಾರೆ. ಜನದ ನಡುವೆ ಬೆಲ್ಲು ಕೇಳ್ತೈತೋ ಇಲ್ಲೋ ನೋಡಬೇಕು."

"ಬೆಲ್ಲಿನ ಟ್ರಯಲ್ಲಿಗೆ ಅತ್ತರು ಯಾಕ್ರೀ?"

"ಕಾರ್ಡಿನ ಮೇಲೆ ಏನಾರ ಬರೆದುಗಿರೆದೀಯ. ತಪ್ಪಾದ್ರೆ ಬೇರೆ ಕಾರ್ಡಿಲ್ಲ," ಎಂದು ಹೇಳಿ ಹೋದರು.

ಟ್ರಯಲ್ಲು ಅವರ ಕೆಲಸ, ಉಳಿದದ್ದು ನನ್ನದು. ಸಂಜೆ ಬ್ಯಾಟರಿ ಬಿಚ್ಚಿ ಒಳಗೆ ತಂದು ಮಿಕ್ಸಿಯ ಪ್ಲಗ್ಗಿಗೆ ಹಾಕುವುದು, ಕರೆಂಟು ಹೋದರೆ ಬಂದಾಗ ಮತ್ತೆ ನೋಡುವುದು, ಟೈರು ಒತ್ತಿ ಗಾಳಿ ನೋಡುವುದು, ಚೈನು ಉಜ್ಜುವುದು. ಒಂದು ದಿನ ಒರೆಸಿ ಮುಗಿಸಿ, ಹ್ಯಾಂಡಲ್ಲು ಹಿಡಿದು ನಿಂತು, "ನಾನೊಂದು ಸುತ್ತು ಹೋಗಿ ಬರ್ಲಾ?" ಎಂದು ಕೇಳಿದೆ. ನ್ಯಾಮತಿಯಲ್ಲಿ ನಮ್ಮ ಅಬ್ಬಾನದು ಬಾಡಿಗೆ ಸೈಕಲ್ಲಿನ ಅಂಗಡಿ. ಲಂಗ ಉಡುವ ವಯಸ್ಸಿನಲ್ಲೇ ನಡುವಿನ ದಂಡಿಯ ಕೆಳಗೆ ಕಾಲು ತೂರಿಸಿ ದೊಡ್ಡ ಸೈಕಲ್ಲು ತುಳಿದವಳು ನಾನು.

"ಇದೇನು ನಿಮ್ಮ ಅಬ್ಬಾನ ಸೈಕಲ್ಲಾ? ಒಂದು ಕುರಿಯಷ್ಟು ತೂಕ ಐತೆ. ಬಿದ್ದೀಯ," ಎಂದರು.

ಸರಿ ಎಂದು ಬ್ರಷ್ಷು ತೊಳೆದಿಟ್ಟೆ. ಕಾಯುವುದು ನನಗೆ ಹೊಸದಲ್ಲ.

ಬಿದ್ದವರು ಅವರೇ. ತಿರುಗುವುದಕ್ಕೆಲ್ಲ ಎಣ್ಣೆ ಬೇಕು ಎಂಬುದು ಅವರ ನಂಬಿಕೆ. ಹೊಲಿಗೆ ಯಂತ್ರ, ಬಾಗಿಲಿನ ತಿರುಗಣಿ, ಫ್ಯಾನು, ಯಾವುದನ್ನೂ ಅವರ ಎಣ್ಣೆಗಿಂಡಿ ಬಿಟ್ಟಿಲ್ಲ. ಈ ಸೈಕಲ್ಲಿನ ಗಾಲಿಯ ನಡುವೆ ಪೂರಿಯಷ್ಟು ಅಗಲದ ಒಂದು ಉಕ್ಕಿನ ಬಿಲ್ಲೆ ತಿರುಗುತ್ತದೆ. ಬ್ರೇಕು ಒತ್ತಿದರೆ ಎರಡು ಪುಟ್ಟ ಬಿಲ್ಲೆಗಳು ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತವೆ. ಅದು ಒಣಗಿರಬೇಕು. ಯಜಮಾನರು ಅದಕ್ಕೆ ಎರಡೂ ಬದಿ ಪ್ರೀತಿಯಿಂದ ಎಣ್ಣೆ ಬಿಟ್ಟು, ಕಲ್ಲುಗುಡ್ಡದ ಇಳಿಜಾರಿನ ಟ್ರಯಲ್ಲಿಗೆ ಹೋದರು.

ಅವತ್ತು ಸೈಕಲ್ಲನ್ನು ತಳ್ಳಿಕೊಂಡು ಬಂದವನು ಗಾದ್ರಪ್ಪ. ಗುಡ್ಡದ ಬುಡದಲ್ಲಿ ಅವನ ಕುರಿಹಟ್ಟಿ ಇದೆ. ಹಿಂದೆ ಯಜಮಾನರು ಲುಂಗಿಯನ್ನು ಹಿಂಬದಿಯಿಂದ ಹಿಡಿದುಕೊಂಡು ನಡೆದು ಬಂದರು.

"ಅಕ್ಕಾ, ಸಾಬ್ರು ನಮ್ಮ ಕುರಿ ನೋಡಾಕೆ ಬಂದಿದ್ರು," ಎಂದ ಗಾದ್ರಪ್ಪ. "ಬಾಗ್ಲಿಂದ ಬಂದಿದ್ರೆ ಚಾ ಕೊಡ್ತಿದ್ದೆ. ಬೇಲಿ ತಗೊಂಡು ಬಂದ್ರು."

"ಬ್ರೇಕ್ ಹಿಡೀಲಿಲ್ಲ," ಎಂದರು ಯಜಮಾನರು.

"ಬೆಲ್ಲು ಮಾತ್ರ ಜೋರಾಗಿ ಹೊಡಿತಿದ್ರಕ್ಕ. ಬೆಲ್ಲಿಗೇನೂ ಮೋಸ ಇಲ್ಲ."

ಬೇಲಿ ಜಾಲಿ ಮುಳ್ಳಿನದು. ಟೈರಿನ ಮುಳ್ಳುಗಳನ್ನು ಇಕ್ಕಳದಿಂದ ಕಿತ್ತೆ, ಯಜಮಾನರ ಮುಳ್ಳುಗಳನ್ನು ಸೂಜಿಯಿಂದ ತೆಗೆದೆ. ಎರಡೂ ಟ್ಯೂಬು ಪಂಕ್ಚರಾಗಿದ್ದವು. ಎಣ್ಣೆ ಹೋಗಬೇಕಾದರೆ ಉಕ್ಕಿನ ಬಿಲ್ಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು, ಪುಟ್ಟ ಬಿಲ್ಲೆಗಳನ್ನು ಬಿಸಿ ಮಾಡಿ ಉಜ್ಜಬೇಕು ಎಂದು ದಾವಣಗೆರೆಯ ಯಾರೋ ಮೆಕ್ಯಾನಿಕ್ಕು ಫೋನಿನಲ್ಲಿ ಹೇಳಿದ. ಯಜಮಾನರು ಕುಂಟುತ್ತ ಮೆಡಿಕಲ್ ಶಾಪಿಗೆ ಹೋಗಿ ಸ್ಪಿರಿಟ್ಟು ತಂದರು. ಅವರು ಮನೆ ಮುಟ್ಟುವ ಮೊದಲೇ, ಸಾಬ್ರು ಈ ವಯಸ್ಸಿನಾಗೆ ಸ್ಪಿರಿಟ್ ಶುರು ಮಾಡ್ಯಾರೆ ಎಂದು ಗಾದ್ರಪ್ಪ ಊರಿಗೆಲ್ಲ ಹೇಳಿದ್ದ. ಬಿಲ್ಲೆಗಳನ್ನು ನನ್ನ ರೊಟ್ಟಿ ಹಂಚಿನ ಮೇಲೆ ಹುರಿದೆವು. ಎಣ್ಣೆ ಹೊಗೆಯಾಗಿ ಹೋಯಿತು, ಬ್ರೇಕು ಬಂತು. ರೊಟ್ಟಿಗೆ ಮಾತ್ರ ಎಷ್ಟೋ ದಿನ ಗ್ಯಾರೇಜಿನ ವಾಸನೆ.

"ಈಗಾದ್ರೂ ಬರೀಲಾ?" ಎಂದು ಕೇಳಿದ್ದೆ.

"ಬ್ರೇಕಿನ ಟ್ರಯಲ್ ಆಗಲಿ," ಎಂದಿದ್ದರು.

ಹೀಗೆ ಬಂದು ನಿಂತದ್ದು ಇವತ್ತಿನ ಈ ಮಣ್ಣಿಲ್ಲದ ಚೈನಿನ ಟ್ರಯಲ್ಲಿಗೆ. ಉಜ್ಜಿ ಮುಗಿಸಿ ಎದ್ದೆ. ಯಜಮಾನರು ಪರದೆ ನೋಡಿ, ಬ್ಯಾಟರಿ ತುಂಬಿದೆ ಎಂದು ಖಾತರಿ ಮಾಡಿಕೊಂಡು, "ಜಗಳೂರಿಗೆ ಹೋಗಿ ಬರ್ತೀನಿ," ಎಂದರು.

"ಜಗಳೂರಿಗಾ?"

"ಬ್ಯಾಟರಿ ಎಷ್ಟು ದೂರ ಬರ್ತೈತೆ ಅಂತ ಗಿರಾಕಿ ಕೇಳಿದ್ರೆ ಏನು ಹೇಳಲಿ?"

"ಆ ಗಿರಾಕಿ ಹೊನ್ನಾಳಿಯಿಂದ ಇಲ್ಲಿ ತನಕ ಬಂದೋರು. ಅವರಿಗೆ ಗೊತ್ತಿರ್ತೈತೆ."

ಅವರಿಗೆ ಕೇಳಿಸಲಿಲ್ಲ. ಬೇವಿನ ಮರ ದಾಟುವಾಗ ಬೆಲ್ಲು ಹೊಡೆದರು. ಅಲ್ಲಿ ಯಾರೂ ಇರಲಿಲ್ಲ.

ಊಟದ ಹೊತ್ತು ಮೀರಿತು. ಸಾರು ಎರಡು ಸಲ ಬಿಸಿ ಮಾಡಿದೆ. ರಸ್ತೆಯ ತುದಿಯಲ್ಲಿ ಮೊದಲು ಕಂಡದ್ದು ಗಾದ್ರಪ್ಪನ ಕುರಿಗಳು, ಅವುಗಳ ಹಿಂದೆ ಗಾದ್ರಪ್ಪ, ಅವನ ಪಕ್ಕದಲ್ಲಿ ಸೈಕಲ್ಲು ತಳ್ಳಿಕೊಂಡು ಕುಂಟುತ್ತ ಬರುತ್ತಿರುವ ಯಜಮಾನರು.

"ನೋಡಕ್ಕ, ನೀನೇ ಕೇಳು ಇವರನ್ನ," ಎಂದ ಗಾದ್ರಪ್ಪ. "ಕ್ರಾಸ್ ತನಕ ಗೂಡ್ಸ್ ಆಟೋದಾಗೆ ಹಾಕ್ಕೊಂಡು ಬಂದ್ರು. ಅಲ್ಲಿಂದ ತಳ್ತಾ ಇದಾರೆ. ಚಾರ್ಜ್ ಖಾಲಿನಾ ಅಂದೆ, ಇಲ್ಲ ಅಂದ್ರು. ಪಂಕ್ಚರ್ರಾ ಅಂದೆ, ಇಲ್ಲ ಅಂದ್ರು. ಮತ್ಯಾಕೆ ತಳ್ತೀರಿ ಅಂದ್ರೆ, ಗಿರಾಕಿದು ಅಂತಾರೆ. ಹೋದ ತಿಂಗಳು ನಮ್ಮ ಬೇಲಿಗೆ ಬಂದಾಗ ಯಾರದಿತ್ತು?"

ಯಜಮಾನರು ಸೈಕಲ್ಲನ್ನು ಬೋರ್ಡಿನ ಕೆಳಗೆ ನಿಲ್ಲಿಸಿ, ಕಲ್ಲಿನ ಮೇಲೆ ಕೂತು, ಜೇಬಿನಿಂದ ಒಂದು ಮಿಠಾಯಿ ಪೊಟ್ಟಣ ತೆಗೆದು ಪಕ್ಕಕ್ಕಿಟ್ಟರು. ನಾನು ನೀರು ಕೊಟ್ಟೆ. ಗಾದ್ರಪ್ಪ ಕುರಿಗಳ ಹಿಂದೆ ಹೋದ ಮೇಲೆ ಮಾತು ಬಂತು.

"ಕಲೀಮುಲ್ಲಾ ಸಿಕ್ಕಿದ್ದ."

"ಎಲ್ಲಿ?"

"ಬಸ್ ಸ್ಟ್ಯಾಂಡಿನ ಹತ್ರ. ಈಗ ಮೊಬೈಲ್ ಕವರ್ ಮಾರ್ತಾನೆ. ಸೈಕಲ್ ನೋಡಿ ಅಂಗಡಿ ಬಿಟ್ಟು ಓಡಿ ಬಂದ. ಯಾರದೋ ಬಕ್ಷು ಇದು ಅಂದ." ಲೋಟವನ್ನು ಕೈಯಲ್ಲೇ ತಿರುಗಿಸಿದರು. "ನಂದೇ ಅಂದುಬಿಟ್ಟೆ."

ನಾನು ಮಿಠಾಯಿ ಪೊಟ್ಟಣದ ಕಡೆ ನೋಡಿದೆ.

"ಬಾಯಿಗೆ ಬಂದುಬಿಡ್ತು ಅಖ್ತರ್. ಅವನಿಗೆ ಹೊಟ್ಟೆಕಿಚ್ಚಾಗಿದ್ರೆ ಸರಿ ಹೋಗ್ತಿತ್ತು. ಅವನು ಖುಷಿಪಟ್ಟ. ಮುಬಾರಕ್ ಅಂತ ತಬ್ಬಿಕೊಂಡ. ಮಿಠಾಯಿ ತರಿಸಿ ತನ್ನ ಕೈಯಾರೆ ಬಾಯಿಗಿಟ್ಟ. ಅಲ್ಲಿದ್ದೋರಿಗೆಲ್ಲ ಏನಂದ ಗೊತ್ತಾ? ಇವನು ನನ್ನ ಅಂಗಡೀಲಿ ಕೆಲಸ ಬಿಟ್ಟಿದ್ದು ಗಿರಾಕಿ ಸೈಕಲ್ ಹತ್ತಲ್ಲ ಅಂತ, ನಿಯತ್ತಿನ ಮನುಷ್ಯ ಅಂದ. ಉಳಿದ ಮಿಠಾಯೀನ ಪೊಟ್ಟಣ ಕಟ್ಟಿ ನನ್ನ ಜೇಬಿಗೆ ತುರುಕಿದ. ಆಮೇಲೆ ಇದರ ಮೇಲೆ ಕೂರಾಕೆ ಕಾಲೇ ಬರಲಿಲ್ಲ."

ತಗಡಿನ ಬೋರ್ಡಿನ ಕಡೆ ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಅದು ಮಾತ್ರ ನಮ್ಮನ್ನೇ ನೋಡುತ್ತಿತ್ತು.

"ಕಾರ್ಡು ತಗಿ," ಎಂದರು.

ಗಡಿಯಾರದ ಹಿಂದಿನಿಂದ ತೆಗೆದು, ಧೂಳು ಊದಿ, ಹಲಗೆಯ ಮೇಲಿಟ್ಟುಕೊಂಡೆ. ನನ್ನ ಬರವಣಿಗೆ ನಿಧಾನ. ಒಂದು ಅಕ್ಷರ ಪೂರ್ತಿ ಆಗದೆ ಇನ್ನೊಂದಕ್ಕೆ ಹೋಗುವುದಿಲ್ಲ. "ಮಾನ್ಯ ಮುರುಗೇಶಪ್ಪನವರಿಗೆ ಸಲಾಮು. ನಿಮ್ಮ ಸೈಕಲ್ಲು ರಿಪೇರಿ ಆಗಿದೆ," ಎಂದು ಬರೆದು, "ಮುಂದೆ?" ಎಂದೆ.

"ತಡ ಆಯ್ತು ಅಂತ ಬರಿ."

"ಯಾಕೆ ಅಂತ ಬರೀಲಿ?"

"ಮಳೆ ಹಿಡ್ಕೊಂತು ಅಂತ ಬರಿ."

"ಈ ಬರದ ಜಗಳೂರು ಸೀಮೇಲಿ ಮಳೆ ಹಿಡ್ಕೊಂತು ಅಂದ್ರೆ ನಂಬ್ತಾರಾ? ಸರ್ವೆ ಇಲಾಖೆಯೋರು."

"ಸಾಮಾನು ಸಿಗಲಿಲ್ಲ ಅಂತ ಬರಿ."

"ಯಾವ ಸಾಮಾನು? ನನ್ನ ಬ್ರಷ್ಷಾ?"

ಯಜಮಾನರು ಮಂಡಿ ನೀವಿಕೊಂಡರು. "ಇದ್ದದ್ದು ಬರಿ," ಎಂದರು ಕೊನೆಗೆ. "ಎಲ್ಲಾನೂ ಬರಿ. ಕಲೀಮುಲ್ಲಾನ ಹತ್ರ ನಾನೇ ಹೋಗಿ ಹೇಳ್ತೀನಿ, ಬಸ್ಸಿನಾಗೆ."

ಬರೆದೆ. ಸೈಕಲ್ಲನ್ನು ನಮ್ಮ ಯಜಮಾನರು ಓಡಿಸಿದ್ದರಿಂದ ಕಾಗದ ತಡವಾಯಿತು. ಬ್ರೇಕಿಗೆ ಎಣ್ಣೆ ಹಾಕಿದ್ದು ತಪ್ಪು, ಈಗ ಸರಿ ಇದೆ. ಒಂದು ಸಲ ಬೇಲಿಗೆ ಹೋಗಿದೆ, ಬಣ್ಣಕ್ಕೆ ಗೀರು ಬಿದ್ದಿಲ್ಲ. ಅವರ ಮಂಡಿಗೆ ಬಹಳ ಉಪಕಾರವಾಯಿತು. ಬಂದು ತೆಗೆದುಕೊಂಡು ಹೋಗಬೇಕು. ಅಷ್ಟಕ್ಕೆ ಕಾರ್ಡು ತುಂಬಿತು, ಕೆಳಗೆ ಬೆರಳಗಲದ ಜಾಗ ಉಳಿಯಿತು. ಗಡಿಯಾರ ನೋಡಿದರೆ ಟಪಾಲಿನ ಚೀಲ ಬಸ್ಸಿಗೆ ಹೋಗುವ ಹೊತ್ತು ಹತ್ತಿರ ಬಂದಿತ್ತು.

ಯಜಮಾನರು ಏಳಲು ಹೋಗಿ ಮತ್ತೆ ಕೂತರು. ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. "ನಾಳೆ ಹಾಕಿದ್ರಾಯ್ತು," ಎಂದರು. ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಹಳೆಯದಾಗಿ ಕೇಳಿರಬೇಕು. ಸೈಕಲ್ಲಿನ ಕಡೆ ನೋಡಿ ಮುಖ ತಿರುಗಿಸಿಕೊಂಡರು.

"ನಾಳೆ ಬ್ಯಾಡ. ನಾನು ಹೋಗ್ತೀನಿ ಅದರ ಮೇಲೆ," ಎಂದೆ.

"ಗಿರಾಕಿದು," ಎಂದು ಬೋರ್ಡು ತೋರಿಸಿದರು. "ಅಂಗಡಿಯೋರು ಯಾರೂ ಹತ್ತಂಗಿಲ್ಲ."

"ನಾನು ಅಂಗಡಿಯಾಕಿನಾ? ಇಷ್ಟು ವರ್ಷದಾಗೆ ಒಂದು ದಿನ ಪಗಾರ ಕೊಟ್ಟೀರಾ ನನಗೆ?"

ಅವರು ಯೋಚಿಸಿದರು. "ಇಲ್ಲ."

"ಮತ್ತೆ? ಗಿರಾಕಿ ಕಾಗದವನ್ನ ಗಿರಾಕಿ ಸೈಕಲ್ಲಿನ ಮೇಲೆ ತಗೊಂಡು ಹೋಗ್ತೀನಿ. ಇದರಾಗೆ ನಿಮ್ಮ ಅಂಗಡಿದು ಏನೈತೆ?"

ಯಜಮಾನರು "ಬಾ ಇಲ್ಲಿ," ಎಂದರು. ಹಳೆಯ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ, ಕೂತಲ್ಲಿಂದಲೇ ಬಗ್ಗಿ, ಚೈನಿಗೆ ಸಿಕ್ಕದ ಹಾಗೆ ನನ್ನ ಸೀರೆಯ ಅಂಚನ್ನು ಕಣಕಾಲಿಗೆ ಸುತ್ತಿ ಕಟ್ಟಿದರು. "ಮೋಟರ್ನ ಒಂದನೇ ನಂಬರಿನಾಗೇ ಇಟ್ಕೊಂಡು ಹೋಗು. ಮುಂದಿನ ಬ್ರೇಕ್ ಒಂದನ್ನೇ ಒತ್ತಬ್ಯಾಡ. ಎರಡೂ ಮೆಲ್ಲಗೆ ಒತ್ತು. ರೊಟ್ಟಿ ತಟ್ಟಿದಂಗೆ."

ಸೆರಗನ್ನು ತಲೆಯ ಮೇಲೆಳೆದು ತುದಿ ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ದಂಡಿ ತಗ್ಗಾಗಿತ್ತು, ಕಷ್ಟವಾಗಲಿಲ್ಲ. ಒಂದು ಸುತ್ತು ತುಳಿದಾಗ ಹ್ಯಾಂಡಲ್ಲು ಅತ್ತಿತ್ತ ಹೊರಳಿತು. ಎರಡನೆಯದಕ್ಕೆ, ಹಿಂದಿನಿಂದ ಯಾರೋ ಸೀಟು ಹಿಡಿದು ಮೆಲ್ಲನೆ ನೂಕಿದ ಹಾಗಾಯಿತು. ನ್ಯಾಮತಿಯಲ್ಲಿ ಅಬ್ಬಾ ಹಾಗೆಯೇ ನೂಕುತ್ತಿದ್ದರು, ಬಿಟ್ಟದ್ದನ್ನು ಹೇಳುತ್ತಿರಲಿಲ್ಲ. ಬೇವಿನ ಮರ ಹಿಂದಕ್ಕೆ ಹೋಯಿತು. ಕುರಿಗಳು ಅಡ್ಡ ಬಂದವು, ಬೆಲ್ಲು ಹೊಡೆದೆ. ಗಾದ್ರಪ್ಪ ಕೋಲು ಎತ್ತಿದ ಕೈಯನ್ನು ಇಳಿಸುವುದು ಮರೆತು ನಿಂತಿದ್ದ. "ಅಕ್ಕಾ, ಇದೂ ಟ್ರಯಲ್ಲಾ?" ಎಂದು ಹಿಂದಿನಿಂದ ಕೇಳಿಸಿತು. ತಿರುಗಿ ನೋಡುವಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ.

ಪೋಸ್ಟಾಫೀಸಿನ ಮೆಟ್ಟಿಲ ಮುಂದೆ ಎರಡೂ ಬ್ರೇಕು ಒತ್ತಿದೆ. ನಿಂತಿತು. ಒಳಗೆ ಪೋಸ್ಟಿನ ವಿನಯ್ ಕುಮಾರ್ ಚೀಲದ ಬಾಯಿಗೆ ದಾರ ಸುತ್ತುತ್ತಿದ್ದವನು ಕಿಟಕಿಯಿಂದ ಇಣುಕಿದ.

"ಅಜ್ಜಿ, ಇದು ಯಾರ ಗಾಡಿ? ನಿಮ್ದಾ?"

"ಗಿರಾಕಿದು," ಎಂದೆ. "ಒಂದು ನಿಮಿಷ ತಡಿಯಪ್ಪ. ಪೆನ್ನು ಕೊಡು."

ದಾರದಲ್ಲಿ ಕಟ್ಟಿದ ಪೆನ್ನನ್ನು ಎಳೆದುಕೊಂಡು, ಕಾರ್ಡಿನ ಕೆಳಗಿದ್ದ ಬೆರಳಗಲದ ಜಾಗದಲ್ಲಿ, ಒಂದೊಂದೇ ಅಕ್ಷರ ಪೂರ್ತಿ ಮಾಡುತ್ತ ಬರೆದೆ: "ಈ ಕಾಗದ ನಿಮ್ಮ ಸೈಕಲ್ಲಿನ ಮೇಲೆಯೇ ಬಂದಿದೆ. ಓಡಿಸಿದವಳು ನಾನು. ಟ್ರಯಲ್ಲು ಚೆನ್ನಾಗಿದೆ. ಅಖ್ತರ್‌ಬೀ."

ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ವಿನಯ್ ಕುಮಾರ್ ನನ್ನ ಪೂರ್ಣವಿರಾಮದ ಮಸಿ ಆರುವವರೆಗೂ ಕಾದು, ಮುದ್ರೆ ಒತ್ತಿ, ಕಾರ್ಡನ್ನು ಚೀಲದೊಳಗೆ ಬಿಟ್ಟು ದಾರ ಬಿಗಿದ.